ನ್ಯಾಚುರಲ್ ಮೆಟಲ್ ಫಿನಿಶ್: ಪ್ಲಾಸ್ಟಿಕ್ ವಿಮಾನಕ್ಕೆ ಲೋಹದ ಮೈ

ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರ ಬಾಯಲ್ಲಿ ‘ಎನ್‌ಎಂಎಫ್’ ಎಂದರೆ ನ್ಯಾಚುರಲ್ ಮೆಟಲ್ ಫಿನಿಶ್. ಬಣ್ಣ ಹಚ್ಚದೆ ಬಿಟ್ಟ ವಿಮಾನದ ಅಲ್ಯೂಮಿನಿಯಂ ಮೈ 1/72 ಅಥವಾ 1/48 ಅಳತೆಯ ಕಿಟ್ ಮೇಲೂ ಹಾಗೇ ಕಾಣುವಂತೆ ಮಾಡುವ ಕೆಲಸಕ್ಕೆ ಈ ಹೆಸರು. 1944ರ ಹೊತ್ತಿಗೆ ಅಮೆರಿಕದ ಸೇನಾ ವಾಯುಪಡೆ ತನ್ನ ಹೆಚ್ಚಿನ ವಿಮಾನಗಳಿಗೆ ಶತ್ರುವಿನ ಕಣ್ಣು ತಪ್ಪಿಸುವ ಮರೆಬಣ್ಣ ಬಳಿಯುವುದನ್ನು ಬಿಟ್ಟುಬಿಟ್ಟಿತು. ಬಣ್ಣದ ತೂಕವೂ ಉಳಿಯಿತು, ಕಾರ್ಖಾನೆಯ ಸಮಯವೂ ಉಳಿಯಿತು. ಪಿ-51 ಮಸ್ಟ್ಯಾಂಗ್, ಆಮೇಲೆ ಬಂದ ಎಫ್-86 ಸೇಬರ್‌ನಂಥ ಯುದ್ಧವಿಮಾನಗಳೆಲ್ಲ ಆ ಹೊಳಪಿನವೇ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಯುಪಡೆಯ ಸೇವೆಯಿಂದ ಇಳಿದ ಮಿಗ್-21 ಕೂಡ ಶುರುವಿನ ವರ್ಷಗಳಲ್ಲಿ ಬೆಳ್ಳಿಮೈಯಲ್ಲೇ ಹಾರುತ್ತಿತ್ತು.

ಬೀದರಿನವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಹಾಕ್ ಜೆಟ್‌ಗಳಲ್ಲಿ ಪೈಲಟ್ ತರಬೇತಿ ನಡೆಯುವುದು ಇಲ್ಲೇ, 1996ರಲ್ಲಿ ಶುರುವಾದ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ನೆಲೆಯೂ ಇದೇ. ಸೂರ್ಯಕಿರಣದ ಕೆಂಪು-ಬಿಳಿ ಹಾಕ್ ಚೆಂದ ಕಟ್ಟಿದ ಹುಡುಗನೂ ಬೆಳ್ಳಿಮೈಯ ಮಿಗ್-21ಕ್ಕೆ ಬಂದಾಗ ತಡವರಿಸುತ್ತಾನೆ. ಡಬ್ಬಿಯ ಸಿಲ್ವರ್ ಪೇಂಟ್ ಬ್ರಷ್‌ನಿಂದ ಹಚ್ಚಿದರೆ ಮೈ ಬೂದು ಬೂದಾಗಿ, ತರಿ ತರಿಯಾಗಿ ನಿಲ್ಲುತ್ತದೆ. ಲೋಹ ಅನ್ನಿಸುವುದೇ ಇಲ್ಲ.

ಸಿಲ್ವರ್ ಪೇಂಟ್ ಅಂದರೆ ಪಾರದರ್ಶಕ ಅಂಟಿನಲ್ಲಿ ತೇಲುವ ಅಲ್ಯೂಮಿನಿಯಂ ಚೂರುಗಳು. ಚೂರು ದಪ್ಪವಾಗಿದ್ದರೆ ಈ ಸಣ್ಣ ಅಳತೆಯಲ್ಲಿ ಒಂದೊಂದೂ ಕಣ್ಣಿಗೆ ಬೀಳುತ್ತದೆ. ಅಡ್ಡಾದಿಡ್ಡಿ ಕೂತರೆ ಬೆಳಕು ಚದುರಿ ಬೂದಾಗುತ್ತದೆ. ಆಲ್‌ಕ್ಲಾಡ್, ವಾಲೆಹೋ ಮೆಟಲ್ ಕಲರ್‌ನಂಥ ಬಣ್ಣಗಳಲ್ಲಿ ಚೂರು ತೀರಾ ನವಿರು. ಗಾಳಿಯ ಒತ್ತಡದಿಂದ ಬಣ್ಣ ಊದುವ ಏರ್‌ಬ್ರಷ್‌ನಲ್ಲಿ 12ರಿಂದ 15 ಪಿಎಸ್‌ಐ ಒತ್ತಡ ಇಟ್ಟು ತೆಳುವಾಗಿ ಊದಿದರೆ ಅವು ಮಟ್ಟಸವಾಗಿ ಮಲಗುತ್ತವೆ. ಆ ಪದರ ಎಷ್ಟು ತೆಳುವೆಂದರೆ ಕೆಳಗಿನ ಬಣ್ಣ ಮೇಲೆ ಇಣುಕುತ್ತದೆ. ಅದಕ್ಕೇ ಕೆಳಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣದ ಪದರ ಬೇಕು. ಚೂರುಗಳ ನಡುವೆ ನುಸುಳಿದ ಬೆಳಕನ್ನು ಕಪ್ಪು ನುಂಗಿಬಿಡುತ್ತದೆ, ನಮ್ಮ ಕಣ್ಣಿಗೆ ಬರುವುದು ಲೋಹದ ಪ್ರತಿಫಲನ ಮಾತ್ರ.

ಕಪ್ಪಿನಿಂದ ಬೆಳ್ಳಿಗೆ ಜೀವ ಬರುತ್ತದೆಂಬುದನ್ನು ಬೀದರಿನವರಿಗೆ ಹೇಳಿಕೊಡಬೇಕಿಲ್ಲ. ಬಿದರಿ ಕೆಲಸದಲ್ಲಿ ಸತು-ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿದ ದ್ರಾವಣ ತಾಗಿಸುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಲ್ಲಿ ಕಪ್ಪು ಬೆಳ್ಳಿಯ ಪಕ್ಕದಲ್ಲಿ, ಇಲ್ಲಿ ಬೆಳ್ಳಿಯ ಅಡಿಯಲ್ಲಿ.

ನನ್ನ ಮಟ್ಟಿಗೆ ಎನ್‌ಎಂಎಫ್‌ನ ಮುಕ್ಕಾಲು ಕೆಲಸ ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು. ಬೇರೆ ಬಣ್ಣದಡಿ ಮುಚ್ಚಿಹೋಗುವ ಗೀರು, ಬೆರಳ ಗುರುತು, ಜೋಡಣೆಯ ಸೀಳು ಇಲ್ಲಿ ಎದ್ದು ಕಾಣುತ್ತವೆ. ಜೋಡಣೆಗೆ ಪುಟ್ಟಿಗಿಂತ ಸೂಪರ್ ಗ್ಲೂ ತುಂಬಿ ಉಜ್ಜುವುದು ಒಳ್ಳೆಯದು, ಅದು ಬಣ್ಣ ಹೀರುವುದಿಲ್ಲ. 600ನೇ ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ 1000, 2000 ಎಂದು ನೀರು ಹಾಕಿ ಉಜ್ಜುತ್ತಾ ಹೋಗಬೇಕು. ಕಪ್ಪು ಬಳಿದು ಒಣಗಿದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ರೆಕ್ಕೆಯ ಮೇಲೆ ಬೆಳಕಿನ ಗೆರೆ ಎಲ್ಲೂ ಮುರಿಯದೆ ಹರಿದರೆ ಮುಂದಕ್ಕೆ ಹೋಗಬಹುದು, ಮುರಿದ ಕಡೆ ಮತ್ತೆ ಉಜ್ಜಬೇಕು. ಊರಿನ ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಬರೀ ಪ್ಲಾಸ್ಟಿಕ್ ಮೇಲೆ ಬೇಡವೇ ಬೇಡ, ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಕರಗುತ್ತದೆ.

ನಮ್ಮ ಕಡೆಯ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ, ಕಲಬುರಗಿಯಲ್ಲಂತೂ, ನಳಿಕೆಯಿಂದ ಹೊರಟ ಹನಿ ಮಾಡೆಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ. ಎಷ್ಟೇ ದುಬಾರಿ ಬಣ್ಣವಾದರೂ ಮೈ ಒರಟೇ. ಬೆಳಗಿನ ತಂಪಿನಲ್ಲಿ, ಏರ್‌ಬ್ರಷ್ಷನ್ನು ತುಸು ಹತ್ತಿರ ಹಿಡಿದು ಊದುವುದು ವಾಸಿ. ಘಾಟಿನ ಥಿನ್ನರ್ ಬೆರೆತ ಲ್ಯಾಕರ್ ಬಣ್ಣವಾದರೆ ಕಿಟಕಿ ತೆರೆದಿರಲಿ, ಆವಿ ತಡೆಯುವ ಫಿಲ್ಟರ್ ಮಾಸ್ಕ್ ಇರಲಿ.

ಬೇರೆ ದಾರಿಗಳೂ ಇವೆ. ಬೇರ್-ಮೆಟಲ್ ಫಾಯಿಲ್ ಎಂಬ ಅಂಟುಹಾಳೆ ನಿಜವಾದ ಲೋಹವೇ ಆದ್ದರಿಂದ ಅದರ ಹೊಳಪು ಬಣ್ಣಕ್ಕೆ ಬಾರದು, ಆದರೆ ತಾಳ್ಮೆ ಬೇಡುತ್ತದೆ. ಬಂದೂಕಿನ ನಳಿಕೆಗಳಿಗೆ ಕಪ್ಪು ಬಣ್ಣದ ಮೇಲೆ ಪೆನ್ಸಿಲ್ ಗ್ರಾಫೈಟ್ ಪುಡಿ ತಿಕ್ಕಿದರೆ ಸಾಕು.

ಇಡೀ ವಿಮಾನಕ್ಕೆ ಒಂದೇ ಬೆಳ್ಳಿ ಹಾಕಿದರೆ ಮಾತ್ರ ಅದು ಆಟಿಕೆಯಾಗುತ್ತದೆ. ಮಸ್ಟ್ಯಾಂಗ್‌ನ ಒಡಲು ಬರಿ ಲೋಹ. ರೆಕ್ಕೆಯ ಕೀಲುಗಳಿಗೆ ಪುಟ್ಟಿ ತುಂಬಿ ಮೇಲೆ ಅಲ್ಯೂಮಿನಿಯಂ ಬಣ್ಣ ಹೊಡೆಯುತ್ತಿದ್ದರು, ಹಾಗಾಗಿ ರೆಕ್ಕೆ ಮಂಕು. ಎಫ್-100 ಸೂಪರ್ ಸೇಬರ್‌ನ ಹಿಂಭಾಗ ಎಂಜಿನ್ ಕಾವಿಗೆ ಬೆಂದು ಕಂದು-ನೀಲಿಗೆ ತಿರುಗಿರುತ್ತದೆ. ನೀವು ಕಟ್ಟುತ್ತಿರುವ ವಿಮಾನದ ಹಳೆಯ ಫೋಟೊ ಎದುರಿಗಿಟ್ಟುಕೊಂಡು, ಅಂಟು ಕಡಿಮೆ ಮಾಡಿದ ಟೇಪಿನಿಂದ ಒಂದೊಂದು ಪ್ಯಾನೆಲ್ ಮರೆಮಾಡಿ, ಎರಡು ಮೂರು ಛಾಯೆ ಊದಿ. ಕೊನೆಗೆ ವಾರ್ನಿಶ್ ಹೊಡೆಯುವ ಆಸೆ ಬಂದರೆ ತಡೆದುಕೊಳ್ಳಿ: ಅದರಡಿಯಲ್ಲಿ ಇಷ್ಟು ಕಷ್ಟಪಟ್ಟು ತಂದ ಹೊಳಪು ಮತ್ತೆ ಬೂದಾಗುತ್ತದೆ.