ಹೊರಬಾರದ ಗಾಳಿಯನ್ನು ಅಳೆಯುವ ಬಗೆ

ಎಷ್ಟೇ ಬಲವಾಗಿ ಉಸಿರನ್ನು ಹೊರದಬ್ಬಿದರೂ ಶ್ವಾಸಕೋಶ ಪೂರ್ತಿ ಬರಿದಾಗುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು 1.2 ಲೀಟರ್ ಗಾಳಿ ಒಳಗೇ ಉಳಿಯುತ್ತದೆ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಾದರೆ ಉಳಿಯುವುದು ಸುಮಾರು 2.4 ಲೀಟರ್. ಈ ಎರಡನೆಯ ಪ್ರಮಾಣವನ್ನು ವೈದ್ಯರು ಎಫ್‌ಆರ್‌ಸಿ ಎಂದು ಕರೆಯುತ್ತಾರೆ. ಲಂಡನ್ನಿನ ಜಾನ್ ಹಚಿನ್ಸನ್ 1846ರಲ್ಲಿ ಪ್ರಚುರಪಡಿಸಿದ ಸ್ಪೈರೋಮೀಟರ್ ಆಗಲಿ, ಇಂದಿನ ಆಸ್ಪತ್ರೆಗಳಲ್ಲಿರುವ ಅದರ ಸುಧಾರಿತ ರೂಪವಾಗಲಿ, ಬಾಯಿಯಿಂದ ಹೊರಬಂದ ಗಾಳಿಯನ್ನಷ್ಟೇ ಅಳೆಯಬಲ್ಲದು. ಹೊರಗೆ ಬಾರದೆ ಉಳಿದದ್ದು ಅದರ ಲೆಕ್ಕಕ್ಕೆ ಸಿಗದು.

ಇದಕ್ಕೊಂದು ಸುತ್ತುದಾರಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಗೆ 1800ರಷ್ಟು ಹಿಂದೆಯೇ ಹೊಳೆದಿತ್ತು. ಆತ ಜಲಜನಕವನ್ನು ಉಸಿರಾಡಿ, ಅದು ಎಷ್ಟು ತೆಳುವಾಯಿತು ಎಂಬುದರಿಂದ ತನ್ನ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯನ್ನು ಅಂದಾಜು ಮಾಡಿದ. ಹೊಸ ಅನಿಲವನ್ನು ಒಳಗೆ ಬೆರೆಸುವ ಬದಲು ಒಳಗಿರುವ ಅನಿಲವನ್ನೇ ಹೊರಗೆ ತೊಳೆದು ತೆಗೆಯುವ ವಿಧಾನವನ್ನು ನ್ಯೂಯಾರ್ಕಿನಲ್ಲಿ ಡಾರ್ಲಿಂಗ್, ಕೂರ್ನಾಂಡ್ ಮತ್ತು ರಿಚರ್ಡ್ಸ್ 1940ರಲ್ಲಿ ಪ್ರಕಟಿಸಿದರು. ಕೊನೆಯ ಇಬ್ಬರಿಗೆ 1956ರಲ್ಲಿ ನೊಬೆಲ್ ಬಂದದ್ದು ಹೃದಯಕ್ಕೆ ಕ್ಯಾಥೆಟರ್ ಎಂಬ ತೆಳು ಕೊಳವೆ ತೂರಿಸಿದ ಕೆಲಸಕ್ಕಾಗಿ. ಶ್ವಾಸಕೋಶದ ಈ ಕೆಲಸ ಆ ಖ್ಯಾತಿಯ ನೆರಳಿನಲ್ಲಿ ಉಳಿದುಬಿಟ್ಟಿತು.

ಅವರು ನೆಚ್ಚಿಕೊಂಡದ್ದು ಸಾರಜನಕವನ್ನು. ಗಾಳಿಯಲ್ಲಿ ಶೇ. 78ರಷ್ಟಿರುವ ಈ ಅನಿಲವನ್ನು ದೇಹ ಬಳಸುವುದೂ ಇಲ್ಲ, ತಯಾರಿಸುವುದೂ ಇಲ್ಲ. ನೀರಾವಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಶ್ವಾಸಕೋಶದೊಳಗಿನ ಗಾಳಿಯಲ್ಲಿ ಸುಮಾರು ಶೇ. 80 ಭಾಗ ಸಾರಜನಕವೇ. ಅಳತೆ ತಿಳಿಯದ ಗಿಂಡಿಯೊಂದರಲ್ಲಿ ಇಂತಿಷ್ಟು ಉಪ್ಪಿರುವ ನೀರು ತುಂಬಿದೆ ಎನ್ನೋಣ. ಸಿಹಿನೀರು ಹೊಯ್ದು ಗಿಂಡಿಯನ್ನು ಮತ್ತೆ ಮತ್ತೆ ತೊಳೆದು, ಹೊರಬಂದ ಉಪ್ಪನ್ನೆಲ್ಲ ತೂಗಿದರೆ ಗಿಂಡಿ ಎಷ್ಟು ಹಿಡಿಯುತ್ತದೆಂದು ಹೇಳಬಹುದಲ್ಲವೇ? ಇಲ್ಲಿ ಉಪ್ಪಿನ ಜಾಗದಲ್ಲಿ ಸಾರಜನಕವಿದೆ, ಸಿಹಿನೀರಿನ ಜಾಗದಲ್ಲಿ ಶುದ್ಧ ಆಮ್ಲಜನಕ.

ಮೂಗಿಗೆ ಕ್ಲಿಪ್ ಹಾಕಿ, ಬಾಯಲ್ಲಿ ಮೌತ್‌ಪೀಸ್ ಕಚ್ಚಿ ಕೂತ ವ್ಯಕ್ತಿ ಸಹಜವಾಗಿ ಉಸಿರು ಬಿಟ್ಟು ಮುಗಿಸಿದ ಕ್ಷಣದಲ್ಲಿ ಕವಾಟ ತಿರುಗಿಸಿ ಆಮ್ಲಜನಕ ಕೊಡುತ್ತಾರೆ. ಮೂಲ ವಿಧಾನದಲ್ಲಿ ಏಳು ನಿಮಿಷ ಬಿಟ್ಟ ಉಸಿರನ್ನೆಲ್ಲ ದೊಡ್ಡ ಪಾತ್ರೆಯಲ್ಲಿ ಕೂಡಿಡುತ್ತಿದ್ದರು. ಹೀಗೆ ಕೂಡಿದ್ದು 40 ಲೀಟರ್, ಅದರಲ್ಲಿ ಸಾರಜನಕ ಶೇ. 4.8 ಎಂದಾದರೆ ಹೊರಬಂದ ಸಾರಜನಕ 1.92 ಲೀಟರ್. ಅದನ್ನು 0.80ರಿಂದ ಭಾಗಿಸಿದರೆ 2.4 ಲೀಟರ್ ಎಂಬ ಉತ್ತರ ಸಿಗುತ್ತದೆ.

ಈ ಸರಳ ಲೆಕ್ಕಕ್ಕೆ ಕೆಲವು ತಿದ್ದುಪಡಿಗಳು ಬೇಕು. ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿರುವ ಸಾರಜನಕವೂ ಪರೀಕ್ಷೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಶ್ವಾಸಕೋಶಕ್ಕೆ ಒಸರುವುದರಿಂದ ಅದನ್ನು ಕಳೆಯಬೇಕು. ತುಟಿಯ ಸಂದಿಯಿಂದ ಹೊರಗಿನ ಗಾಳಿ ನುಸುಳಿದರಂತೂ ಇಡೀ ಪರೀಕ್ಷೆ ವ್ಯರ್ಥ. ಈಗಿನ ಉಪಕರಣಗಳು ಪ್ರತಿ ಉಸಿರನ್ನೂ ಬೇರೆಬೇರೆಯಾಗಿ ಅಳೆಯುತ್ತವೆ. ಸತತ ಮೂರು ಉಸಿರುಗಳಲ್ಲಿ ಸಾರಜನಕ ಶೇ. 1.5ಕ್ಕಿಂತ ಕೆಳಗಿದ್ದರೆ ತೊಳೆಯುವುದು ಮುಗಿದಂತೆ ಎಂಬುದು ರೂಢಿಯ ನಿಯಮ. (ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ಮಾಸ್ಕ್ ಒತ್ತಿಹಿಡಿದು ಸುಮಾರು ಮೂರು ನಿಮಿಷ ಆಮ್ಲಜನಕ ಕೊಡುವಾಗಲೂ ನಡೆಯುವುದು ಇದೇ ತೊಳೆತ. ಅವರ ಉದ್ದೇಶ ಮಾತ್ರ ಬೇರೆ: ಉಸಿರು ನಿಂತಿರುವ ಹೊತ್ತಿಗೆಂದು ಒಳಗೆ ಆಮ್ಲಜನಕದ ದಾಸ್ತಾನು ಮಾಡುವುದು.)

ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ನಿಜವಾದ ಸೊಗಸು ಇರುವುದು ಒಟ್ಟು ಗಾತ್ರಕ್ಕಿಂತ ಹೆಚ್ಚಾಗಿ ಸಾರಜನಕ ಇಳಿಯುವ ವೇಗದಲ್ಲಿ. 2.4 ಲೀಟರ್ ಗಾಳಿಗೆ ಪ್ರತಿ ಉಸಿರಿನಲ್ಲಿ 0.35 ಲೀಟರ್ ಆಮ್ಲಜನಕ ಸಮನಾಗಿ ಬೆರೆತರೆ ಸಾರಜನಕ ಶೇ. 80ರಿಂದ 70ಕ್ಕೆ, ಅಲ್ಲಿಂದ 61ಕ್ಕೆ, ಹೀಗೆ ಇಳಿದು ಸುಮಾರು 29 ಉಸಿರುಗಳಲ್ಲಿ ಶೇ. 1.5 ಮುಟ್ಟುತ್ತದೆ. ಆದರೆ ಕೆಲವು ಕಿರುನಾಳಗಳು ಕಫದಿಂದ ಕಟ್ಟಿಕೊಂಡಿದ್ದರೆ ಅವುಗಳಾಚೆಯ ಗಾಳಿಗೂಡುಗಳು ನಿಧಾನವಾಗಿ ಬರಿದಾಗುತ್ತವೆ, ಸಾರಜನಕ ಇಳಿಯುವುದನ್ನು ತೋರಿಸುವ ಗೆರೆಯ ಇಳಿಜಾರಿಗೆ ಉದ್ದನೆಯ ಬಾಲ ಬೆಳೆಯುತ್ತದೆ. ಸಾರಜನಕ ಮೊದಲಿದ್ದುದರ ನಲವತ್ತನೇ ಒಂದು ಭಾಗಕ್ಕೆ ಇಳಿಯುವಷ್ಟರಲ್ಲಿ ಎಫ್‌ಆರ್‌ಸಿಯ ಎಷ್ಟು ಪಟ್ಟು ಗಾಳಿ ಹೊರಬಂತು ಎಂಬ ಸಂಖ್ಯೆಯೇ ಲಂಗ್ ಕ್ಲಿಯರೆನ್ಸ್ ಇಂಡೆಕ್ಸ್. ಜೊಹಾನ್ಸ್‌ಬರ್ಗಿನಲ್ಲಿದ್ದ ಮಾರ್ಗರೆಟ್ ಬೆಕ್ಲೇಕ್ 1952ರಲ್ಲಿ ಇಂಥದೊಂದು ಸೂಚ್ಯಂಕವನ್ನು ಮುಂದಿಟ್ಟರು. ಆರೋಗ್ಯವಂತರಲ್ಲಿ ಇದು ಸುಮಾರು 6ರಿಂದ 7. ಸಿಸ್ಟಿಕ್ ಫೈಬ್ರೋಸಿಸ್ (ಕಫ ಗಟ್ಟಿಯಾಗಿ ನಾಳಗಳನ್ನು ಕಟ್ಟುವ ಆನುವಂಶಿಕ ಕಾಯಿಲೆ) ಇರುವ ಮಕ್ಕಳಲ್ಲಿ ಸ್ಪೈರೋಮೀಟರಿನ ಫಲಿತಾಂಶ ಸಹಜವಾಗಿ ಕಾಣುವಾಗಲೂ ಈ ಸಂಖ್ಯೆ ಏರಿರಬಹುದು, ಏಕೆಂದರೆ ತೀರ ಸಣ್ಣ ನಾಳಗಳ ತೊಂದರೆ ಉಸಿರಿನ ರಭಸವನ್ನು ಅಷ್ಟಾಗಿ ತಗ್ಗಿಸುವುದಿಲ್ಲ.

ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಅದರಾಚೆಯ ಸಾರಜನಕ ಹೊರಗೆ ಬರುವುದೇ ಇಲ್ಲ, ಹಾಗಾಗಿ ಎಂಫಿಸೀಮಾ (ಗಾಳಿಗೂಡುಗಳ ಗೋಡೆ ಹಾಳಾಗಿ ಗಾಳಿ ಒಳಗೇ ಸಿಕ್ಕಿಬೀಳುವ ಕಾಯಿಲೆ) ರೋಗಿಗಳಲ್ಲಿ ಈ ವಿಧಾನ ಶ್ವಾಸಕೋಶದ ಗಾತ್ರವನ್ನು ಕಡಿಮೆಯಾಗಿ ತೋರಿಸುತ್ತದೆ. 1956ರಲ್ಲಿ ಡುಬೋಯಿಸ್ ಮತ್ತು ಸಂಗಡಿಗರು ರೂಪಿಸಿದ, ಗಾಳಿಯಾಡದ ಪೆಟ್ಟಿಗೆಯಲ್ಲಿ ರೋಗಿಯನ್ನು ಕೂರಿಸಿ ಬಾಯ್ಲ್ ನಿಯಮದಿಂದ (ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುತ್ತದೆ ಎಂಬ ನಿಯಮ) ಗಾತ್ರ ಕಂಡುಹಿಡಿಯುವ ವಿಧಾನ ಸೆರೆಸಿಕ್ಕ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಎರಡು ಉತ್ತರಗಳ ಅಂತರ ಒಳಗೆ ಸಿಕ್ಕಿಬಿದ್ದ ಗಾಳಿಯ ಅಂದಾಜು ಕೊಡುತ್ತದೆ.

ಇಂದಿನ ಹಲವು ಉಪಕರಣಗಳು ಸಾರಜನಕವನ್ನು ನೇರವಾಗಿ ಅಳೆಯದೆ, ನೂರರಿಂದ ಆಮ್ಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕಳೆದು ಪಡೆಯುತ್ತವೆ. ಬಾಲದ ತುದಿಯಲ್ಲಿ ಶೇ. 2ರಷ್ಟು ಸಾರಜನಕವನ್ನು ಹುಡುಕುವಾಗ ಶೇ. 1ರ ತಪ್ಪೂ ದೊಡ್ಡದೇ. ವ್ಯಾಪಕ ಬಳಕೆಯಲ್ಲಿದ್ದ ಉಪಕರಣವೊಂದರ ಸಂವೇದಕಗಳು ಒಂದರ ಅಳತೆಯನ್ನು ಇನ್ನೊಂದು ಕೆಡಿಸುತ್ತಿದ್ದುದನ್ನು, ಅದರಿಂದ ಸಾರಜನಕ ಹೆಚ್ಚಾಗಿ ದಾಖಲಾಗುತ್ತಿದ್ದುದನ್ನು 2021ರಲ್ಲಿ ಸಂಶೋಧಕರು ತೋರಿಸಿದರು. ತಿದ್ದಿದ ಸೂತ್ರದಿಂದ ಹಳೆಯ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿದಾಗ ಎಫ್‌ಆರ್‌ಸಿಯೂ ಸೂಚ್ಯಂಕವೂ ಕೆಳಗಿಳಿದವು. ಒಂದೇ ಮಗುವಿನ ಹಳೆಯ ಮತ್ತು ಹೊಸ ವರದಿಗಳನ್ನು ಹೋಲಿಸುವ ವೈದ್ಯರು ಅವೆರಡೂ ಸಾಫ್ಟ್‌ವೇರಿನ ಯಾವ ಆವೃತ್ತಿಯಲ್ಲಿ ಸಿದ್ಧವಾದವು ಎಂಬುದನ್ನು ಮೊದಲು ನೋಡಿಕೊಳ್ಳಬೇಕಾಗುತ್ತದೆ.