ಬಗ್ಗಿಯ ಬ್ರೇಕ್ ಲೈಟ್ ಉರಿಯುತ್ತಿಲ್ಲ, ಬಲ್ಬ್ ಬದಲಿಸಿದ್ದೂ ಆಯ್ತು, ಇನ್ನೇನು ಮಾಡೋದು?

"ಅಣ್ಣ, ನಮ್ಮ ಹೋಂಸ್ಟೇ ಬಗ್ಗಿಯಲ್ಲಿ ಬ್ರೇಕ್ ಲೈಟ್ ಬರ್ತಿಲ್ಲ. ಎರಡು ಸಲ ಬಲ್ಬ್ ಹಾಕಿಸಿದೆವು. ಹೆಡ್‌ಲೈಟ್ ಚೆನ್ನಾಗಿದೆ. ಬ್ಯಾಟರಿ ವೀಕ್ ಆಗಿರಬಹುದಾ?"

ಬಗ್ಗಿ ಅಂದರೆ ಗಾಲ್ಫ್ ಮೈದಾನದಲ್ಲಿ ಓಡುವಂಥ ಬ್ಯಾಟರಿ ಗಾಡಿ. ಮಳೆ ಶುರುವಾದಾಗಿನಿಂದ ಇದೇ ಪ್ರಶ್ನೆ. ಮಡಿಕೇರಿ ಕಡೆಯವರೂ ಕೇಳುತ್ತಾರೆ, ಸಿದ್ದಾಪುರದವರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಒಂದೇ ಸಲ ಬರೆದುಬಿಡುತ್ತೇನೆ.

ಬ್ಯಾಟರಿ ವೀಕ್ ಆದರೆ ಗಾಡಿ ಏರು ಹತ್ತುವಾಗ ಒದ್ದಾಡುತ್ತದೆ. ಹೆಡ್‌ಲೈಟನ್ನು ಬಿಟ್ಟು ಬ್ರೇಕ್ ಲೈಟನ್ನು ಮಾತ್ರ ಹುಡುಕಿ ಕೆಡಿಸುವುದಿಲ್ಲ. ಬಗ್ಗಿಯ ಬ್ಯಾಟರಿಗಳೆಲ್ಲ ಸೇರಿ ಸಾಮಾನ್ಯವಾಗಿ 36 ಅಥವಾ 48 ವೋಲ್ಟ್ ಇರುತ್ತದೆ, ಲೈಟಿಗೆ ಬೇಕಾಗಿರುವುದು 12. ಅದನ್ನು ಇಳಿಸಿಕೊಡುವ ಡಬ್ಬಿಗೆ ರಿಡ್ಯೂಸರ್ ಅನ್ನುತ್ತಾರೆ. ಹೆಡ್‌ಲೈಟ್ ಉರಿಯುತ್ತಿದೆ ಅಂದರೆ ಆ ಡಬ್ಬಿ ಕೆಲಸ ಮಾಡುತ್ತಿದೆ. ಬ್ರೇಕ್ ಲೈಟಿಗೆ ಬೇರೆ ಫ್ಯೂಸ್ ಇದ್ದರೆ ಅದನ್ನೊಮ್ಮೆ ನೋಡಿ ಮುಂದೆ ಹೋಗಿ.

ಒಂದು ಕಡೆಯದು ಮಾತ್ರ ಉರಿಯುತ್ತಿಲ್ಲವಾದರೆ ಬಲ್ಬ್ ಅಥವಾ ಹೋಲ್ಡರ್. ರಾತ್ರಿ ಸಣ್ಣ ಕೆಂಪು ಲೈಟ್ ಬರುತ್ತಿದೆ, ಆದ್ದರಿಂದ ಬಲ್ಬ್ ಸರಿ ಇದೆ ಅಂದುಕೊಳ್ಳಬೇಡಿ. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್ ಇರುತ್ತವೆ, ಟೈಲ್ ಲೈಟಿಗೆ 5 ವಾಟ್, ಬ್ರೇಕಿಗೆ 21 ವಾಟ್. ಒಂದು ಸುಟ್ಟರೂ ಇನ್ನೊಂದು ಉರಿಯುತ್ತದೆ. ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಬಲ್ಬಿನ ತಪ್ಪು ಇರುವುದು ತೀರಾ ಅಪರೂಪ. ಆಗ ಪೆಡಲ್ ಹತ್ತಿರದ ಸ್ವಿಚ್ ನೋಡಿ. ಕೆಸರು ಮೆತ್ತಿಕೊಂಡು, ಇಲ್ಲವೇ ಕ್ಲಾಂಪ್ ಬಗ್ಗಿಹೋಗಿ, ಪೆಡಲ್ ಸ್ವಿಚ್ಚಿಗೆ ತಾಗದೆಯೇ ಇರುತ್ತದೆ. ಮೀಟರ್ ಇಟ್ಟು ನೋಡಿ, ಅಲ್ಲಿ 12ರ ಆಸುಪಾಸು ಬಂದರೆ ಮಾತ್ರ ಸ್ವಿಚ್ಚಿನ ಎರಡು ವೈರನ್ನು ಒಂದು ಕ್ಷಣ ಕೂಡಿಸಿ. ಲೈಟ್ ಬಂದರೆ ಸ್ವಿಚ್ ಹೋಗಿದೆ. ಜಾಸ್ತಿ ವೋಲ್ಟ್ ತೋರಿಸಿದರೆ ಕೈ ಹಾಕಬೇಡಿ, ಕೆಲವು ಗಾಡಿಗಳಲ್ಲಿ ಪೂರ್ತಿ 48 ವೋಲ್ಟ್ ಆ ಸ್ವಿಚ್ಚಿಗೆ ಬಂದು ಅಲ್ಲಿಂದ ರಿಲೇಗೆ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಇನ್ನೊಂದು ಸ್ವಿಚ್ಚಿಗೆ, ಹೋಗುತ್ತದೆ. ಪಕ್ಕದಲ್ಲೇ ಆಕ್ಸಿಲರೇಟರ್ ಸ್ವಿಚ್ ಕೂಡ ಇರಬಹುದು, ಆದ್ದರಿಂದ ಗಾಡಿ ನ್ಯೂಟ್ರಲ್‌ನಲ್ಲಿರಲಿ.

ಇಷ್ಟೆಲ್ಲ ಸರಿ ಇದ್ದೂ ಲೈಟ್ ಬರುತ್ತಿಲ್ಲ ಅಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ಲೈಟಿನ ಕಪ್ಪು ವೈರ್ ಎಲ್ಲಿಗೆ ಹೋಗಿದೆ?

"ಗಾಡಿಯ ಬಾಡಿಗೇ ಸೇರಿಸಿದ್ದೇವೆ, ಅರ್ತ್ ಸಿಕ್ಕಿದೆ ಅಣ್ಣ." ಈ ಉತ್ತರ ಕೇಳಿದಾಗಲೆಲ್ಲ ನನಗೆ ತಲೆ ಬಿಸಿಯಾಗುತ್ತದೆ. ನಮ್ಮೂರಲ್ಲಿ ಗಾಡಿ ಕೆಲಸ ಕಲಿತವರೆಲ್ಲ ಜೀಪಿನಲ್ಲಿ ಕಲಿತವರು, ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಜೀಪಿನಲ್ಲಿ ಬ್ಯಾಟರಿಯ ಮೈನಸ್ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಬೋಲ್ಟ್ ಆಗಿರುತ್ತದೆ, ಅದಕ್ಕೇ ಬಲ್ಬಿನ ಕಪ್ಪು ವೈರನ್ನು ಎಲ್ಲಿ ಬೇಕಾದರೂ ಕಬ್ಬಿಣಕ್ಕೆ ಕೊಟ್ಟರೆ ಕರೆಂಟ್ ವಾಪಸ್ ಬ್ಯಾಟರಿಗೆ ಹೋಗುತ್ತದೆ. ಹೆಚ್ಚಿನ ಬಗ್ಗಿಗಳಲ್ಲಿ ಹಾಗಿಲ್ಲ. ಅಲ್ಲಿ ಬ್ಯಾಟರಿಗೂ ಚಾಸಿಗೂ ಸಂಬಂಧವೇ ಇಲ್ಲ, ಬೇಕು ಅಂತಲೇ ಬೇರೆ ಇಟ್ಟಿರುತ್ತಾರೆ. ಕರೆಂಟ್ ಹೋದ ಮೇಲೆ ವಾಪಸ್ ಬರಲು ದಾರಿ ಬೇಕಲ್ವಾ? ಆ ದಾರಿ ಅಂದರೆ ರಿಡ್ಯೂಸರಿನ ಮೈನಸ್, ಅಂದರೆ ಕಪ್ಪು ವೈರ್, ಬೇರೆ ಯಾವುದೂ ಅಲ್ಲ.

ಕಳೆದ ವರ್ಷ ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಒಂದು ತೋಟಕ್ಕೆ ಹೋಗಿದ್ದೆ. ಬಲ್ಬ್ ಹೊಸದು, ಸ್ವಿಚ್ ಹೊಸದು. ಮೆಕ್ಯಾನಿಕ್ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ ಎಲ್ಲ ವೈರಿಗೂ ಚುಚ್ಚಿ ನೋಡಿದ್ದಾರೆ, ಎಲ್ಲೂ ಲ್ಯಾಂಪ್ ಉರಿದಿಲ್ಲ. "ವೈರಿಂಗ್ ಪೂರ್ತಿ ಹೋಗಿದೆ, ಬಿಚ್ಚಿ ಹೊಸದು ಹಾಕಬೇಕು" ಅಂದಿದ್ದರಂತೆ. ನಾನು ಅದೇ ಕ್ಲಿಪ್ಪನ್ನು ಚಾಸಿಯಿಂದ ತೆಗೆದು ರಿಡ್ಯೂಸರಿನ ಕಪ್ಪು ವೈರಿಗೆ ಹಾಕಿದೆ. ಟೆಸ್ಟ್ ಲ್ಯಾಂಪ್ ಉರಿಯಿತು. ಸಪ್ಲೈ ಮೊದಲಿನಿಂದಲೂ ಇತ್ತು. ಹಿಂದಿನ ಲೈಟ್ ಒಡೆದು ಹೊಸದು ಹಾಕುವಾಗ ಕಪ್ಪು ವೈರನ್ನು ಬಾಡಿಗೆ ಸ್ಕ್ರೂ ಮಾಡಿದ್ದರು. ಆ ಬಾಡಿ ಪ್ಲಾಸ್ಟಿಕ್! ಬೆರಳಿನಿಂದ ತಟ್ಟಿದರೆ ಟಪ್ ಟಪ್ ಅನ್ನುತ್ತಿತ್ತು. ಎರಡು ಮೀಟರ್ ವೈರ್ ಎಳೆದು ರಿಡ್ಯೂಸರಿಗೆ ಸೇರಿಸಿದೆವು, ಕೆಲಸ ಮುಗಿಯಿತು.

"ನಮ್ಮ ಗಾಡಿಯಲ್ಲಿ ವೈರನ್ನು ಬಾಡಿಗೆ ಸೇರಿಸಿಯೇ ಉರಿಯುತ್ತಿತ್ತಲ್ಲ" ಅಂತ ಕೆಲವರು ವಾದ ಮಾಡುತ್ತಾರೆ. ಉರಿದಿರಬಹುದು. ಹಿಂದೆ ಯಾರೋ ಮೈನಸ್ಸನ್ನು ಚಾಸಿಗೆ ಸೇರಿಸಿರುತ್ತಾರೆ. ಆದರೆ ಆಮೇಲೆ ದಾರಿಯಲ್ಲಿರುವ ಒಂದೊಂದು ಬೋಲ್ಟೂ ನಿಮ್ಮ ವೈರ್ ಇದ್ದ ಹಾಗೆ. ಪೇಂಟ್ ಇದ್ದರೂ ತುಕ್ಕು ಹಿಡಿದರೂ ಕಥೆ ಮುಗಿಯಿತು. ಚಾಸಿ ಅಲ್ಯೂಮಿನಿಯಂ ಆಗಿದ್ದರೆ ತಾಮ್ರ ತಾಗಿದ ಜಾಗ ಒದ್ದೆಯಲ್ಲಿ ಇನ್ನೂ ಬೇಗ ತಿಂದುಹೋಗುತ್ತದೆ, ನಮ್ಮ ಮಳೆ ಎಂಥದ್ದು ಅಂತ ನಿಮಗೆ ಹೇಳಬೇಕಾ? ಇದಕ್ಕಿಂತ ಕೆಟ್ಟದ್ದು ಅಪಾಯ. ಮೈನಸ್ ಚಾಸಿಗೆ ಸೇರಿರುವಾಗ ಬ್ಯಾಟರಿ ನಟ್ ಬಿಗಿ ಮಾಡುತ್ತಾ ಸ್ಪ್ಯಾನರ್ ಪ್ಲಸ್ಸಿಗೂ ಚಾಸಿಗೂ ತಾಗಿತು ಅಂದುಕೊಳ್ಳಿ, 48 ವೋಲ್ಟಿನ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಲೆಡ್ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಅದಕ್ಕೆ ಅಷ್ಟು ಕಿಡಿ ಸಾಕು. ಹಾಗಾಗಿ ಸುಮ್ನೆ ಒಂದು ಜಂಪರ್ ವೈರ್ ಎಳೆದು ಬ್ಯಾಟರಿ ಮೈನಸ್ಸನ್ನು ಚಾಸಿಗೆ ಕೊಡುವ ಕೆಲಸ ದಯವಿಟ್ಟು ಮಾಡಬೇಡಿ.

ಗಾಲ್ಫ್ ಮೈದಾನಕ್ಕೆ ಅಂತ ಮಾಡಿದ ಎಷ್ಟೋ ಬಗ್ಗಿಗಳಿಗೆ ಲೈಟೇ ಇರುವುದಿಲ್ಲ, ಆಮೇಲೆ ಹಾಕಿಸಿದ್ದು. ಒಂದು ಗಾಡಿಯ ವೈರಿನ ಹಾಗೆ ಇನ್ನೊಂದರದು ಇರುವುದಿಲ್ಲ. ವೈರಿನ ಬಣ್ಣ ನಂಬಬೇಡಿ, ಕೈಯಲ್ಲಿ ಹಿಡಿದು ಕೊನೆಯವರೆಗೂ ಹೋಗಿ.

ಯಾರೂ ಕೇಳದ ಇನ್ನೊಂದು ವಿಷಯ, ಆದರೆ ನಮ್ಮ ಇಳಿಜಾರಿಗೆ ಇದು ಬೇಕೇ ಬೇಕು. ಹೆಚ್ಚಿನ ಹೊಸ ಬಗ್ಗಿಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ. ಲೈಟಿನ ಸ್ವಿಚ್ ಇರುವುದು ಬ್ರೇಕ್ ಪೆಡಲಿನಲ್ಲಿ. ಪೆಡಲ್ ತುಳಿದಿಲ್ಲ, ಲೈಟ್ ಬಂದಿಲ್ಲ, ಗಾಡಿ ಮಾತ್ರ ನಿಧಾನವಾಗಿದೆ. ಮಂಜು ಮುಸುಕಿದಾಗ ಹಿಂದೆ ಗೆಸ್ಟ್ ಕಾರ್ ಬರುತ್ತಿದ್ದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ಪೆಡಲಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟುಕೊಳ್ಳಲು ಡ್ರೈವರ್ ಹುಡುಗರಿಗೆ ಹೇಳಿಕೊಡಿ.

ಅದು ಉಪಯೋಗಕ್ಕೆ ಬರಬೇಕಾದರೆ ಸ್ವಿಚ್ ಸರಿಯಾದ ಜಾಗದಲ್ಲಿರಬೇಕು. ಸಂಜೆ ಗಾಡಿಯ ಹಿಂಭಾಗವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಬ್ರೇಕ್ ಹಿಡಿಯುವ ಮೊದಲೇ ಗೋಡೆ ಕೆಂಪಾಗಬೇಕು. ಆಗದಿದ್ದರೆ ಸ್ವಿಚ್ಚಿನ ನಟ್ ಸಡಿಲಿಸಿ, ಸ್ವಲ್ಪ ಸರಿಸಿ, ಮತ್ತೆ ಒತ್ತಿ ನೋಡಿ.