ಇಲಿಗೆ ‘ರೋಗದ ಜೀನ್’ ಹಾಕುತ್ತಾರಾ?

ಪ್ರಶ್ನೆ: “ಸರ್, ಇಲಿಗೆ ಕರುಳಿನ ರೋಗದ ಜೀನ್ ಹಾಕ್ತಾರಂತಲ್ರೀ? ನನ್ನ ಮಗಗ ಆ ರೋಗ ಐತ್ರಿ, ಹಂಗಾದ್ರ ಅವಗೂ ಅದೇ ಜೀನ್ ಐತೇನ್ರಿ? ಮಗಳಿಗೂ ಬರ್ತೈತೇನು?”

ಪುಣೆಗೆ ಬಂದು ಲ್ಯಾಬಿನಲ್ಲಿ ಇಲಿಗಳ ಜೊತೆ ಕರುಳಿನ ರೋಗದ ಸಂಶೋಧನೆ ಶುರು ಮಾಡಿದ ಮೇಲೆ ಈ ಪ್ರಶ್ನೆಗೆ ಕನ್ನಡ ಸಂಘದ ಊಟದ ಸಾಲಿನಲ್ಲಿ ಉತ್ತರಿಸಿದ್ದೇನೆ, ಪಿಎಂಪಿಎಂಎಲ್ ಬಸ್ಸಿನಲ್ಲಿ ನಿಂತು ಉತ್ತರಿಸಿದ್ದೇನೆ, ಒಂದು ಸಲ ಮದುವೆ ಮನೆಯಲ್ಲಿ ಕೈಯಲ್ಲಿ ಹೋಳಿಗೆ ಹಿಡಿದೂ ಉತ್ತರಿಸಿದ್ದೇನೆ. ಈ ಸಲ ಬರೆದೇ ಬಿಡುತ್ತೇನೆ.

ಮೊದಲು, ಅದು ಹೆಗ್ಗಣ ಅಲ್ಲ. 20-25 ಗ್ರಾಂ ತೂಗುವ ಚಿಟ್ಟಿಲಿ.

ಇನ್ನು ‘ರೋಗದ ಜೀನ್’. ಎಷ್ಟು ಸಲ ಹೇಳಲಿ, ಅಂಥದ್ದೊಂದು ಇಲ್ಲ! ಹಾಕುವುದು ಹಾಗಿರಲಿ, ಈ ಇಲಿಗಳಲ್ಲಿ ಹೆಚ್ಚಿನ ಸಲ ಇದ್ದದ್ದನ್ನು ಕೆಡಿಸುತ್ತಾರೆ. 1993ರಲ್ಲಿ ಐಎಲ್-10 ಎಂಬ ಜೀನ್ ಕೆಲಸ ಮಾಡದ ಇಲಿ ತಯಾರಾಯಿತು. ಅದರ ಕರುಳಿಗೆ ತಾನಾಗಿಯೇ ಉರಿಯೂತ ಬಂತು. ಐಎಲ್-10 ಅಂದರೆ ರೋಗ ನಿರೋಧಕ ಕಣಗಳಿಗೆ ‘ಸಾಕು, ನಿಲ್ಲಿಸಿ’ ಅನ್ನುವ ಸಂದೇಶ. ಹುಡುಗರು ಬಡಿದಾಡುವಾಗ ಅಡುಗೆಮನೆಯಿಂದ ಗದರುವ ಅಜ್ಜಿ ಅಂದುಕೊಳ್ಳಿ. ಅಜ್ಜಿ ಊರಿಗೆ ಹೋದರೆ ಜಗಳ ನಿಲ್ಲುವುದಿಲ್ಲ. ಹಾಗಂತ ಜಗಳ ಅಜ್ಜಿಯದಾ?

“ಆಯ್ತು ಸರ್, ಆ ಜೀನ್ ಇಲ್ಲದಿರೋದೇ ರೋಗ ಅಲ್ವಾ?” ಮುಂದಿನ ಪ್ರಶ್ನೆ ನನಗೆ ಬಾಯಿಪಾಠ. ಅದೂ ಅಲ್ಲ. ಅದೇ ಇಲಿಯನ್ನು ಹುಟ್ಟಿದಾಗಿನಿಂದ ಒಂದೂ ಬ್ಯಾಕ್ಟೀರಿಯಾ ಇಲ್ಲದ ಗೂಡಿನಲ್ಲಿ ಸಾಕಿ ನೋಡಿದರು. ಜೀನ್ ಇಲ್ಲ, ಕರುಳು ಚೆನ್ನಾಗಿಯೇ ಇದೆ. ಮಾಮೂಲಿ ಕರುಳಿನ ಬ್ಯಾಕ್ಟೀರಿಯಾ ಸೇರಿಸಿದರು, ರೋಗ ಬಂತು. ಹುಡುಗರೇ ಇಲ್ಲದ ಮನೆಯಲ್ಲಿ ಅಜ್ಜಿ ಇದ್ದರೆಷ್ಟು, ಬಿಟ್ಟರೆಷ್ಟು.

ಮನುಷ್ಯರಲ್ಲಿ ಇನ್ನೂ ಗೋಜಲು. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅಂದರೆ ವರ್ಷಗಟ್ಟಲೆ ಕಾಡುವ ಕರುಳಿನ ಉರಿಯೂತದ ಎರಡು ರೋಗಗಳು. ಕ್ರೋನ್ಸ್‌ಗೆ ಮೊದಲು ಸಿಕ್ಕ ಜೀನ್ ಎನ್‌ಒಡಿ2, 2001ರಲ್ಲಿ. ಅದನ್ನು ಇಲಿಯಿಂದ ತೆಗೆದರೆ ಇಲಿ ಆರಾಮಾಗಿ ಓಡಾಡಿಕೊಂಡಿರುತ್ತೆ! ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎರಡಕ್ಕೂ ಸೇರಿ ನಮ್ಮ ಡಿಎನ್ಎಯಲ್ಲಿ ಇಂಥ ಜಾಗಗಳು 200ಕ್ಕೂ ಜಾಸ್ತಿ ಸಿಕ್ಕಿವೆ. ಹೆಚ್ಚಿನವುಗಳ ಪಾಲು ಒಂದು ಚಿಟಿಕೆ. ಒಂದೇ ಥರದ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ಜೋಡಿಗಳು ಬೇಕಾದಷ್ಟಿವೆ. ಅಕ್ಕ, ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೆ ಸಾಧ್ಯತೆ ಜಾಸ್ತಿ, ಸುಳ್ಳು ಹೇಳಲ್ಲ. ಆದರೂ ಹೆಚ್ಚಿನವರಿಗೆ ಬರುವುದಿಲ್ಲ. ಮಗಳಿಗೆ ಮಲದಲ್ಲಿ ರಕ್ತ ಬಂದರೆ, ಸುಮ್ನೆ ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಅವಳ ಜೀನ್ ಚಿಂತೆ ಬೇಡ.

ಒಂದೇ ಜೀನ್ ಕೆಟ್ಟು ರೋಗ ಬರುವುದೂ ಉಂಟು, ತೀರ ಅಪರೂಪಕ್ಕೆ. ಎಳೆಗೂಸುಗಳಿಗೆ ಬರುವ ಜೋರಾದ ಕರುಳಿನ ರೋಗದಲ್ಲಿ ಐಎಲ್-10ರ ಸಂದೇಶ ಹಿಡಿಯುವ ಜೀನ್ ಕೆಟ್ಟಿರುವುದು 2009ರಲ್ಲಿ ಗೊತ್ತಾಯಿತು. ಎಲ್ಲಿ ಹುಡುಕಬೇಕು ಅಂತ ಇಲಿ 16 ವರ್ಷ ಮೊದಲೇ ತೋರಿಸಿತ್ತು. ನಿಮ್ಮ ಮಗನಿಗೆ ಬಂದದ್ದು 22ನೇ ವಯಸ್ಸಿಗೆ. ಅದು ಬೇರೆ ಕಥೆ.

ಯಾರೂ ಕೇಳದ್ದೊಂದು ಹೇಳಿಬಿಡುತ್ತೇನೆ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿದ್ದವುಗಳ ಕರುಳಿನ ಬ್ಯಾಕ್ಟೀರಿಯಾ ಕ್ರಮೇಣ ಒಂದೇ ಥರ ಆಗುತ್ತೆ. ಹೊಸಬನಾಗಿದ್ದಾಗ ನನಗೆ ಇದು ತಲೆಗೆ ಹೋಗಿರಲಿಲ್ಲ. ಜೀನ್ ಇಲ್ಲದವನ್ನು ಒಂದು ಪೆಟ್ಟಿಗೆಯಲ್ಲಿ, ಮಾಮೂಲಿಯವನ್ನು ಇನ್ನೊಂದರಲ್ಲಿ ಇಟ್ಟು ಮೂರು ತಿಂಗಳು ದಿನಾ ಬೆಳಗ್ಗೆ ತೂಕ ಬರೆದೆ. ಡಬ್ಬಿಯಲ್ಲಿ ಕೂರಿಸಿ ತಕ್ಕಡಿ ಮೇಲಿಟ್ಟರೆ ಮೂಸುತ್ತಾ ಸುತ್ತುತ್ತದೆ, ಅಂಕಿ ನಿಲ್ಲುವುದೇ ಇಲ್ಲ. ತೂಕ ಇಳಿಯಿತು, ಹಿಕ್ಕೆ ಮೆತ್ತಗಾಯಿತು, ನಾನು ಹಿಗ್ಗಿದೆ. ನಮ್ಮ ಮೇಡಂ ನೋಟ್‌ಬುಕ್ ತಿರುವಿ ಒಂದೇ ಮಾತು ಕೇಳಿದರು: “ಇದು ಜೀನಿನ ಫರಕಾ, ಪೆಟ್ಟಿಗೆಯ ಫರಕಾ?”

ಮತ್ತೆ ಮೊದಲಿಂದ ಶುರು. ಈಗ ಒಂದೇ ತಾಯಿಯ ಮರಿಗಳನ್ನು, ಜೀನ್ ಇದ್ದವನ್ನೂ ಇಲ್ಲದವನ್ನೂ, ಒಟ್ಟಿಗೇ ಇಡುತ್ತೇನೆ. ಯಾವುದು ಯಾವುದು ಅಂತ ಗುರುತಿಗೆ ಕಿವಿಗೆ ಹಾಕಿದ ತೂತು ನೋಡಿಯೇ ಹೇಳಬೇಕು.